ಗ್ರಾಮವಿಹಾರಿಗಳು

ಮೊದಲು ನಾಕ್ಸ್‌ಪೇಟೆಯೆನಿಸಿಕೊಂಡು, ಅನಂತರ ಮರ್ಫಿಯೆಂಬ ದೊರೆಯ ಹೆಸರನ್ನು ಹೊತ್ತು, ಇಂದಿಗೂ ಅದನ್ನು ಇಳಿಸದಿರುವ ಮರ್ಫಿ ಟೌನಿನಲ್ಲಿ, ಒಂದು ಮನೆಯ ಒಗ್ಗರಣೆಗೆ ಪಕ್ಕದ ಮನೆಯವರು ಸೀನುವಷ್ಟು ಒತ್ತೊತ್ತಾಗಿ ನಿಂತ ಮನೆಗಳ ನಡುವೆ, ವರ್ಷಕ್ಕೆರಡು ಬಾರಿಯಾದರೂ ಪ್ರಕೃತಿಯ ಮಡಿಲಿಗೆ ಹೋಗಿ ಬಾರದಿದ್ದರೆ ತಮ್ಮ ಆರೋಗ್ಯವೂ ಸಂಸಾರವೂ ಕೆಟ್ಟುಹೋಗುವುವೆಂದು ದೃಢವಾಗಿ ನಂಬಿದ ಮಹನೀಯರೊಬ್ಬರುಂಟು. ಇಂಥವರು ಈಗ ಬೀದಿಗೊಬ್ಬರಂತೆ ದೊರೆಯುವುದರಿಂದ ನಾಮಧೇಯವನ್ನು ಹೇಳಬೇಕಾದುದಿಲ್ಲ, ಗ್ರಾಮವಿಹಾರಿಗಳೆಂದರೆ ಸಾಕು.

ಇವರು ಹುಟ್ಟಿ ಬೆಳೆದುದು ಕೋಲಾರದಾಚೆ, ಮುಳಬಾಗಿಲಿನ ದಾರಿಯ ಒಂದು ಹಳ್ಳಿಯಲ್ಲಿ. ಅಲ್ಲಿ ಇವರ ತಮ್ಮನಿದ್ದಾನೆ; ಹಸುಗಳಿವೆ, ರಾಗಿ ಹೊಲವಿದೆ, ಹುಣಿಸೆ ತೋಪಿದೆ, ಸಂಜೆ ಕುಳಿತು ಕಾಲಾಡಿಸಲು ಜಗಲಿಯಿದೆ. ಮನೆಯಿಂದ ಹೊರಟು ಹಳೇ ಮದ್ರಾಸ್ ರಸ್ತೆಯಲ್ಲಿ ನಿಂತು ಬಸ್ಸು ಹಿಡಿದರೆ ಟಿನ್ ಫ್ಯಾಕ್ಟರಿ, ಕೃಷ್ಣರಾಜಪುರ, ಹೊಸಕೋಟೆ ಎಂದು ಎಣಿಸುತ್ತಿರುವಷ್ಟರಲ್ಲಿಯೇ ಊರು ಬರುತ್ತದೆ. ಆದರೆ ವಿಹಾರಿಗಳು ಮುಖ ಮಾಡುವುದು ಪಶ್ಚಿಮಕ್ಕೆ. ಬೆಳಗಿನ ಜಾವ ಬಾಡಿಗೆಯ ಕಾರು ತರಿಸಿ, ನಗರವನ್ನು ಉದ್ದಕ್ಕೂ ಸೀಳಿಕೊಂಡು, ಗೊರಗುಂಟೆಪಾಳ್ಯದಲ್ಲಿ ಲಾರಿಗಳ ಹೊಗೆಯನ್ನು ಯಥೇಚ್ಛವಾಗಿ ಸೇವಿಸಿ, ನೆಲಮಂಗಲ, ಕುಣಿಗಲ್, ಹಾಸನಗಳನ್ನು ದಾಟಿ, ಶುದ್ಧವಾಯುವಿಗಾಗಿ ಸಕಲೇಶಪುರವನ್ನು ಮುಟ್ಟುವರು. ಸೋಜಿಗವೆಂದರೆ ಮುಳಬಾಗಿಲಿಗೆ ಹೋಗುವುದೂ ಸಕಲೇಶಪುರಕ್ಕೆ ಹೋಗುವುದೂ ಒಂದೇ 75ನೆಯ ರಾಷ್ಟ್ರೀಯ ಹೆದ್ದಾರಿ. ಅದರ ಒಂದು ದಿಕ್ಕಿಗೆ ಹೋದರೆ ಹಳ್ಳಿಗೆ ಹೋದಂತೆ, ಇನ್ನೊಂದು ದಿಕ್ಕಿಗೆ ಹೋದರೆ ವಿಹಾರಕ್ಕೆ ಹೋದಂತೆ.

ಇವರ ಪ್ರವಾಸಜ್ಞಾನವೇನೋ ಅಪಾರವಾದುದು. ನಂದಿಬೆಟ್ಟದ ಮಾತೆತ್ತಿದರೆ ಮೂಗು ಮುರಿಯುವರು. ಕಬ್ಬನ್ ಸಾಹೇಬರು ಬೇಸಗೆಯನ್ನು ಕಳೆಯಲು ಮನೆ ಮಾಡಿಕೊಂಡಿದ್ದ, 1986ರಲ್ಲಿ ಸಾರ್ಕ್ ರಾಷ್ಟ್ರಗಳ ನಾಯಕರು ಬಂದು ವಿಶ್ರಮಿಸಿದ ಆ ಗಿರಿಯು ಭಾನುವಾರದ ಬೈಕು ಹುಡುಗರ ಪಾಲಾದಂದಿನಿಂದ ಇವರ ದೃಷ್ಟಿಯಲ್ಲಿ ಮರ್ಯಾದೆ ಕಳೆದುಕೊಂಡಿದೆ. ಕಬಿನಿಯ ದಂಡೆಯ ಕಾರಾಪುರದಲ್ಲಿ ಮೈಸೂರು ಅರಸರ ಬೇಟೆಯ ಬಂಗಲೆಯಿದ್ದೆಡೆ ಸರ್ಕಾರದ ಜಂಗಲ್ ಲಾಡ್ಜಸ್‌ನವರು ಇಳಿಸಿಕೊಳ್ಳುವರು, ಭೀಮೇಶ್ವರಿಯಲ್ಲಿ ಕಾವೇರಿಯ ಸದ್ದು ಕೇಳುತ್ತ ಡೇರೆಯಲ್ಲಿ ಮಲಗಬಹುದು, ಹೊನ್ನೇಮರಡಿನಲ್ಲಿ ಶರಾವತಿಯ ಹಿನ್ನೀರಿನ ಮೇಲೆ ಹರಿಗೋಲು ಹಾಕಬಹುದು, ಆಗುಂಬೆಯಲ್ಲಿ ಶಂಕರನಾಗ್ ಮಾಲ್ಗುಡಿಯನ್ನು ಚಿತ್ರಿಸಿದ ದೊಡ್ಡಮನೆಯನ್ನು ಕಣ್ತುಂಬ ನೋಡಬಹುದು ಎಂದು, ಕೇಳಿದವರಿಗೂ ಕೇಳದವರಿಗೂ, ಹಲಸೂರು ಮೆಟ್ರೋ ನಿಲ್ದಾಣದ ಮೆಟ್ಟಿಲ ಮೇಲೆಯೇ ನಿಲ್ಲಿಸಿ ವಿವರಿಸುವರು. 2000ದ ಆಸುಪಾಸಿನಲ್ಲಿ ಕಾಫಿಯ ಬೆಲೆ ಪಾತಾಳಕ್ಕಿಳಿದಾಗ ಅನೇಕ ತೋಟದವರು ಹೊಟ್ಟೆಪಾಡಿಗೆಂದು ಮನೆಯ ಎರಡು ಕೋಣೆಗಳನ್ನು ಅತಿಥಿಗಳಿಗೆ ತೆರೆದರಷ್ಟೆ. ಅದನ್ನು ಇವರು ತಮ್ಮಂಥವರ ಆತ್ಮೋದ್ಧಾರಕ್ಕಾಗಿ ನಡೆದ ಚಳವಳಿಯೆಂದು ತಿಳಿದಿರುವರು.

ಒಮ್ಮೆ ಇವರ ಬಲವಂತಕ್ಕೆ ಕಟ್ಟುಬಿದ್ದು ನಾನೂ ಜೊತೆಗೆ ಹೋದೆ. ಮೊಬೈಲ್ ಸಿಗ್ನಲ್ ಸಿಗದ ತಾಣವೇ ಬೇಕೆಂದು ಹಟ ಹಿಡಿದು ಕೋಣೆ ಗೊತ್ತುಮಾಡಿದ್ದವರು, ಕಾರಿನಿಂದಿಳಿದೊಡನೆ ಮನೆಯ ಹಿಂದಣ ಗುಡ್ಡವನ್ನೇರಿ, ಮೂರು ಇಂಬಳಗಳನ್ನು ಕಾಲಿಗಂಟಿಸಿಕೊಂಡು, ಸಿಗ್ನಲ್ ಸಿಕ್ಕ ಬಂಡೆಯ ಮೇಲೆ ನಿಂತು, ಇಲ್ಲಿ ಸಿಗ್ನಲ್ಲೇ ಇಲ್ಲವೆಂಬ ಸಂತೋಷವಾರ್ತೆಯನ್ನು ಬಂಧುಮಿತ್ರರಿಗೆಲ್ಲ ಕಳುಹಿದರು. ಊರಿನ ಬಚ್ಚಲಲ್ಲಿ ಹೊಗೆ ಕಣ್ಣುರಿಸುತ್ತದೆಂದು ತಮ್ಮನಿಗೆ ಗೀಸರು ಕೊಡಿಸಿದವರೇ ಇಲ್ಲಿ ಹಂಡೆಯ ಒಲೆಗೆ ಸೌದೆಯೊಡ್ಡುತ್ತ ಫೋಟೋ ತೆಗೆಸಿಕೊಂಡರು. ಮನೆಯಲ್ಲಿ ಮುದ್ದೆಯೆಂದರೆ ತಟ್ಟೆ ಸರಿಸುವವರು, ಇಲ್ಲಿ ನಿಂಬೆಯ ಗಾತ್ರದ ಒಂದು ಮುದ್ದೆಯನ್ನು ಕಳಲೆ ಪಲ್ಯದ ಪಕ್ಕದಲ್ಲಿಟ್ಟು ತಂದಾಗ ಅದರ ಪೋಷಕಾಂಶಗಳ ಮೇಲೆ ಉಪನ್ಯಾಸವನ್ನೇ ಕೊಟ್ಟರು.

ಮರುದಿನ ಕಾಫಿ ಕುಯ್ಯುವ ಕಾರ್ಯಕ್ರಮ. ಅದಕ್ಕೆ ಪ್ರತ್ಯೇಕ ಶುಲ್ಕ. ಸೊಂಟಕ್ಕೆ ಬುಟ್ಟಿ ಕಟ್ಟಿಕೊಂಡ ವಿಹಾರಿಗಳು ಹಣ್ಣು, ಕಾಯಿ, ಎಲೆ ಎಂಬ ಭೇದಭಾವವಿಲ್ಲದೆ ಎರಡೂ ಕೈಗಳಿಂದ ಸೂರೆಗೊಳ್ಳಲಾಗಿ, ಪಕ್ಕದ ಸಾಲಿನ ಹೆಂಗಸೊಬ್ಬಳು, “ಅಯ್ಯಾ, ಕೆಂಪಗಿರೋದು ಮಾತ್ರ ಕುಯ್ಯಿ, ಕಾಯಿ ಬಿಡಿ” ಎಂದು ಗೋಗರೆದಳು. ಆ ಸಂಜೆ ಇವರು ಕುಯ್ದುದನ್ನು ಬೇರ್ಪಡಿಸಲು ತೋಟದ ರೈಟರು ಇಬ್ಬರು ಆಳುಗಳನ್ನು ಕೂರಿಸಬೇಕಾಯಿತು. ಶುಲ್ಕ ಏತಕ್ಕೆಂಬುದು ಆಗ ನನಗೆ ತಿಳಿಯಿತು.

ಹಾಲು ಕರೆಯುವ ಕಾರ್ಯಕ್ರಮದಲ್ಲಿ ಮಾತ್ರ ಅನಾಹುತವೊಂದು ನಡೆಯಿತು. ಅತಿಥಿಗಳೆಲ್ಲರೂ ಒಬ್ಬೊಬ್ಬರಾಗಿ ಹಸುವಿನ ಬಳಿ ಕುಳಿತು, ನಾಲ್ಕು ತೊಟ್ಟು ಹಾಲು ನೆಲಕ್ಕೆ ಚೆಲ್ಲಿ, ಚಪ್ಪಾಳೆ ಗಿಟ್ಟಿಸಿಕೊಂಡು ಏಳುತ್ತಿದ್ದರು. ವಿಹಾರಿಗಳು ಕುಕ್ಕರಗಾಲಿನಲ್ಲಿ ಕುಳಿತವರೇ, ಮೈಮರೆತು, ಕೆಚ್ಚಲಿಗೆ ನೀರು ಚಿಮುಕಿಸಿ, ತಂಬಿಗೆಯನ್ನು ಮೊಣಕಾಲುಗಳ ನಡುವೆ ಸಿಕ್ಕಿಸಿಕೊಂಡು, ಸೊರ್ ಸೊರ್ರೆಂದು ನೊರೆಯುಕ್ಕುವಂತೆ ಕರೆದುಬಿಟ್ಟರು. ತೋಟದ ಯಜಮಾನರು ಬೆರಗಾಗಿ, “ಸಾರ್‌ಗೆ ಅಭ್ಯಾಸ ಇದ್ದ ಹಾಗಿದೆ?” ಎಂದರು. “ಛೆ, ಇಲ್ಲಪ್ಪ, ಯೂಟ್ಯೂಬಿನಲ್ಲಿ ನೋಡಿದ್ದೆ,” ಎಂದು ವಿಹಾರಿಗಳು ತಂಬಿಗೆಯನ್ನು ಕೆಳಗಿಟ್ಟರು. ಅವರ ಮನೆಯಾಕೆ ಕೊಟ್ಟಿಗೆಯ ಗೋಡೆಯ ಕಡೆಗೆ ತಿರುಗಿ ಬಹಳ ಹೊತ್ತು ಕೆಮ್ಮಿದರು.

ಅರೇಬಿಕಾ ಹಣ್ಣಾಗುವ ಕಾಲವೂ ಕೋಲಾರದ ಕಡೆ ರಾಗಿ ಕೊಯ್ಯುವ ಕಾಲವೂ ಹೆಚ್ಚುಕಡಿಮೆ ಒಂದೇ ಆಗಿರುವುದು ವಿಹಾರಿಗಳ ದುರದೃಷ್ಟವೆನ್ನಬೇಕು. ಪ್ರತಿವರ್ಷವೂ ತಮ್ಮನು, “ಅಣ್ಣಾ, ಆಳು ಸಿಗ್ತಿಲ್ಲ, ಎರಡು ದಿನ ಬಂದು ಹೋಗು” ಎಂದು ಫೋನು ಮಾಡುವನು. ಇವರು, “ರಜವೇ ಸಿಕ್ಕಲಿಲ್ಲ ಕಣೋ,” ಎನ್ನುವರು. ಅದು ಸುಳ್ಳೂ ಅಲ್ಲ, ಇದ್ದ ರಜವೆಲ್ಲ ಸಕಲೇಶಪುರಕ್ಕೆ ಸಂದಿರುತ್ತದೆ.

ಈ ಸಲ ಹಿಂದಿರುಗಿದ ಮೇಲೆ ಇವರಿಗೊಂದು ಘನವಾದ ಯೋಚನೆ ಹೊಳೆದು, ತಾವಾಗಿಯೇ ಊರಿಗೆ ಫೋನು ಹಚ್ಚಿದರು. ನಾನು ಕಾಫಿ ಕುಡಿಯುತ್ತ ಪಕ್ಕದಲ್ಲಿಯೇ ಕುಳಿತಿದ್ದೆ. ಹಳೆಯ ಮನೆಗೆ ಸುಣ್ಣ ಹೊಡೆಸಿ, ಜಗಲಿಯಲ್ಲೊಂದು ತೂಗುಮಂಚ ಹಾಕಿಸಿ ಹೋಂಸ್ಟೇ ಮಾಡತಕ್ಕದ್ದು. ಹಸು, ಹೊಲ, ಹಂಡೆ ಎಲ್ಲ ಸಿದ್ಧವಾಗಿಯೇ ಇವೆ. ರಾಗಿ ಕೊಯ್ಲಿಗೆ ಬೆಂಗಳೂರಿನವರು ದುಡ್ಡು ಕೊಟ್ಟು ಬಂದು ಬಗ್ಗುವರು. ಬುಕಿಂಗಿನ ಜವಾಬ್ದಾರಿ ಮರ್ಫಿ ಟೌನಿನಿಂದಲೇ ತಮ್ಮದು. ತಮ್ಮನು ಎಲ್ಲವನ್ನೂ ಸಾವಧಾನವಾಗಿ ಕೇಳಿ, “ಆಗಲಿ ಅಣ್ಣಾ. ಮೊದಲನೇ ಗಿರಾಕಿ ನೀನೇ ಆಗು. ಅತ್ತಿಗೆ, ಮಕ್ಕಳು ಎಲ್ಲರ ಲೆಕ್ಕ ಹಾಕಿ ಮುಂಗಡ ಕಳಿಸಿಬಿಡು,” ಎಂದನು.

ವಿಹಾರಿಗಳು ತಡವರಿಸಲಿಲ್ಲ, ಅಭ್ಯಾಸಬಲದಿಂದ ಒಡನೆಯೇ ಕೇಳಿದರು: “ಬೆಳಗಿನ ತಿಂಡಿ ಸೇರಿಯೋ, ಬಿಟ್ಟೋ?”