ಕಣ್ಣಿನ ರಕ್ತಕ್ಕೆ ಹೃದಯದ ಮದ್ದು

ಬನ್ನಿ ಮೇಷ್ಟ್ರೇ, ಬಿಸಿಲಲ್ಲಿ ಯಾಕೆ ನಿಂತಿರಿ, ಈ ನುಗ್ಗೆಮರದ ನೆರಳಿಗೆ ಬನ್ನಿ. ನಿಮ್ಮ ತಮ್ಮನವರ ಕಣ್ಣಿನ ವಿಷಯ ನಮ್ಮನೆಯವರು ಬೆಳಗ್ಗೆ ಹೇಳಿದರು. ಎದುರಿಗೆ ಕೂತವರ ಕಿವಿ ಕಾಣುತ್ತೆ, ಹೆಗಲು ಕಾಣುತ್ತೆ, ಮುಖ ಇರಬೇಕಾದ ಕಡೆ ಮಾತ್ರ ಕಪ್ಪು ಅಂದರಂತೆ. ಕಣ್ಣೊಳಗೆ ಹೆಪ್ಪುಗಟ್ಟಿದ ರಕ್ತ ಕರಗಿಸಲು ಹೃದಯಾಘಾತ ಆದವರಿಗೆ ಕೊಡುವ ಮದ್ದನ್ನೇ ಕಣ್ಣಿಗೆ ಚುಚ್ಚಬೇಕು ಅಂತ ಡಾಕ್ಟರು ಹೇಳಿದ ಮೇಲೆ ನೀವು ರಾತ್ರಿಯೆಲ್ಲ ನಿದ್ದೆ ಮಾಡಿಲ್ಲವಂತೆ. ಕಣ್ಣಾಸ್ಪತ್ರೆಯಲ್ಲಿ ಕೆಲಸ ಮಾಡಿದವಳು ನಾನು. ನನಗೆ ತಿಳಿದಿದ್ದನ್ನು ಹೇಳಿಬಿಡುತ್ತೇನೆ, ಕೇಳಿ.

ಆ ಮದ್ದಿಗೆ ಟಿಪಿಎ ಅಂತಾರೆ. ನಮ್ಮ ಮೈಯಲ್ಲೇ ಹುಟ್ಟುವ ಒಂದು ಕಿಣ್ವ ಅದು. ರಕ್ತ ಹೆಪ್ಪುಗಟ್ಟಿದಾಗ ಅದನ್ನು ಹಿಡಿದಿಟ್ಟುಕೊಳ್ಳೋದು ಫೈಬ್ರಿನ್ ಅನ್ನೋ ಎಳೆಗಳು. ಟಿಪಿಎ ತಾನಾಗಿ ಆ ಎಳೆ ಕತ್ತರಿಸೋದಿಲ್ಲ. ಹೆಪ್ಪಿನೊಳಗೇ ಮಲಗಿರುವ ಪ್ಲಾಸ್ಮಿನೋಜನ್ ಅನ್ನೋ ವಸ್ತುವನ್ನು ಎಬ್ಬಿಸಿ ಅದರ ಕೈಲಿ ಕತ್ತರಿಸೋ ಕೆಲಸ ಮಾಡಿಸುತ್ತೆ. ಪ್ರಯೋಗಶಾಲೆಯಲ್ಲಿ ತಯಾರಿಸಿದ ಟಿಪಿಎ ಹೃದಯಾಘಾತಕ್ಕೆ ಅಂತ ಅಮೆರಿಕದಲ್ಲಿ 1987ರಲ್ಲಿ ಒಪ್ಪಿಗೆ ಪಡೆಯಿತು. ಆ ರೋಗಿಗೆ ರಕ್ತನಾಳದಲ್ಲಿ 100 ಮಿಲಿಗ್ರಾಂವರೆಗೂ ಕೊಡ್ತಾರೆ. ಕಣ್ಣಿಗೆ ಎಷ್ಟು ಗೊತ್ತಾ? 25ರಿಂದ 50 ಮೈಕ್ರೋಗ್ರಾಂ. ಅಂದರೆ ಎರಡು ಸಾವಿರದಲ್ಲಿ ಒಂದು ಪಾಲು, ಇಲ್ಲ ಅದಕ್ಕೂ ಕಡಿಮೆ. ಅಳತೆ ಮೀರಿದರೆ ಕಣ್ಣಿನ ಹಿಂಪರದೆ ರೆಟಿನಾಗೇ ವಿಷ, ಅದಕ್ಕೇ ಇಷ್ಟು ಜಿಪುಣತನ. ಮತ್ತೆ ರಕ್ತ ಸುರಿಯುತ್ತಾ ಅಂತ ಕೇಳಿದಿರಿ. ಆಗಬಹುದು, ಆ ಭಯ ಸುಳ್ಳಲ್ಲ. ಸುರಿಯೋದೇ ಇಲ್ಲ ಅಂತ ಯಾರೂ ಭರವಸೆ ಕೊಡಲಾರರು.

ಆದರೂ ಯಾಕೆ ಕೊಡಬೇಕು? ರಕ್ತ ನಿಂತಿರುವ ಜಾಗ ಅಂಥದ್ದು. ರೆಟಿನಾದ ನಡುವೆ ಮ್ಯಾಕ್ಯುಲಾ ಇದೆಯಲ್ಲ, ಓದೋಕೆ, ಮುಖ ಗುರುತು ಹಿಡಿಯೋಕೆ ನಮಗಿರೋದು ಅದೊಂದೇ. ವಯಸ್ಸಾದಂತೆ ಅದರಡಿ ಕೆಟ್ಟ ರಕ್ತನಾಳಗಳು ಹುಟ್ಟಿ ಒಡೆಯುತ್ತವೆ. ಹೀಗೆ ಒಡೆಯೋದರಲ್ಲೇ ಒಂದು ಬಗೆ ನಮ್ಮ ಏಷ್ಯಾದವರಲ್ಲಿ ಹೆಚ್ಚು. ಒಡೆದ ರಕ್ತದಿಂದ ಕಬ್ಬಿಣದಂಶ ಬಿಡುಗಡೆಯಾಗಿ ಬೆಳಕು ಗ್ರಹಿಸುವ ಕೋಶಗಳನ್ನು ಸುಡುತ್ತೆ. ಹೆಪ್ಪು ಕುಗ್ಗುವಾಗ ಆ ಕೋಶಗಳನ್ನು ಕಿತ್ತು ಎಳೆಯುತ್ತೆ. ಕೆಳಗಿನಿಂದ ಬರಬೇಕಾದ ಆಹಾರಕ್ಕೂ ಅಡ್ಡ ಬೀಳುತ್ತೆ. ಮೊಲಗಳ ಮೇಲೆ ಮಾಡಿದ ಪ್ರಯೋಗದಲ್ಲಿ ಒಂದೇ ದಿನದಲ್ಲಿ ಹಾನಿ ಶುರುವಾಗಿತ್ತು, 1982ರ ಮಾತು ಅದು. ನಿಮ್ಮ ತಮ್ಮ ಮೂರು ದಿನದೊಳಗೆ ಆಸ್ಪತ್ರೆಗೆ ಹೋಗಿದ್ದಾರಲ್ಲ, ಅದೊಂದು ಒಳ್ಳೆಯದಾಯಿತು. "ತಾನಾಗೇ ಕರಗುತ್ತೆ ಬಿಡಿ" ಅಂತ ತಿಂಗಳುಗಟ್ಟಲೆ ಕೂತು ಕೊನೆಗೆ ಬಂದವರನ್ನು ನೋಡಿದ್ದೇನೆ ಮೇಷ್ಟ್ರೇ. ಅವರ ಮುಖ ನೆನೆದರೆ ಈಗಲೂ ಹೊಟ್ಟೆಯುರಿಯುತ್ತೆ.

ಬರೀ ಕರಗಿಸಿದರೆ ಸಾಲದು, ಕರಗಿದ್ದನ್ನು ಅಲ್ಲಿಂದ ಸರಿಸಬೇಕು. ಮೆಲ್ಬರ್ನಿನ ವಿಲ್ಸನ್ ಹೆರಿಯೆಟ್ ಅನ್ನೋ ವೈದ್ಯರು 1996ರಲ್ಲಿ ಒಂದು ಸರಳ ದಾರಿ ತೋರಿಸಿದರು. ಟಿಪಿಎ ಚುಚ್ಚಿ, ಜೊತೆಗೆ ಸ್ವಲ್ಪ ಗ್ಯಾಸ್ ಬಿಟ್ಟು, ರೋಗಿಯನ್ನು ಮುಖ ಕೆಳಗೆ ಮಾಡಿ ಇರಿಸೋದು. ಗ್ಯಾಸಿನ ಗುಳ್ಳೆ ಮೇಲೇರಿ ಮ್ಯಾಕ್ಯುಲಾವನ್ನು ಒತ್ತುತ್ತೆ, ಸಡಿಲವಾದ ರಕ್ತ ಬದಿಗೆ ಜಾರುತ್ತೆ. ದೊಡ್ಡ ಹೆಪ್ಪಾದರೆ ಆಪರೇಷನ್ ಮಾಡಿ ಕೂದಲಿನಂಥ ಸೂಜಿಯಲ್ಲಿ ರೆಟಿನಾದ ಕೆಳಗೇ ಮದ್ದು ಬಿಡ್ತಾರೆ. ಮುಖ ಕೆಳಗೆ ಹಾಕಿಕೊಂಡು ದಿನಗಟ್ಟಲೆ ಇರೋದು ಕಷ್ಟ, ಕುತ್ತಿಗೆ ಸೆಟೆಯುತ್ತೆ. ಪಕ್ಕದಲ್ಲಿ ಕೂತು ರೇಡಿಯೋ ಹಾಕಿ, ಪೇಪರ್ ಓದಿ ಹೇಳಿ, ನೀವೇ ಓದಿದರೆ ಅವರಿಗೆ ಧೈರ್ಯ. ಆಮೇಲೆ ಮೂಲದ ರಕ್ತನಾಳಕ್ಕೆ ಬೇರೆ ಇಂಜೆಕ್ಷನ್ ಇದೆ. ಅದನ್ನು ಬಿಡುವಂತಿಲ್ಲ.

ಏನಂದಿರಿ? ಎದುರುಮನೆ ಅಜ್ಜಿಗೂ ಸಕ್ಕರೆ ಕಾಯಿಲೆಯಿಂದ ಕಣ್ಣಲ್ಲಿ ರಕ್ತ ಬಂದಿತ್ತು, ಅವರಿಗೆ ಈ ಮದ್ದು ಯಾಕೆ ಕೊಡಲಿಲ್ಲ ಅಂತಲೇ? ಒಳ್ಳೆಯ ಪ್ರಶ್ನೆ. ಅಜ್ಜಿಯ ರಕ್ತ ಇದ್ದದ್ದು ರೆಟಿನಾದ ಮುಂದೆ, ತಾಟಿನುಂಗಿನ ತಿರುಳಿನ ಹಾಗೆ ಕಣ್ಣು ತುಂಬಿಕೊಂಡಿರುವ ಲೋಳೆಯಲ್ಲಿ. ಅಲ್ಲಿ ರಕ್ತನಾಳವಿಲ್ಲ, ಕಸ ಗುಡಿಸುವ ಕೋಶಗಳೂ ಕಡಿಮೆ. ಹೆಪ್ಪು ಕರಗಿಸಿದರೂ ಕೆಂಪು ನೀರು ಅಲ್ಲೇ ನಿಲ್ಲುತ್ತೆ. ಮನುಷ್ಯರ ಮೂತ್ರದಿಂದ ತೆಗೆದ ಯೂರೋಕೈನೇಸನ್ನು ಹಿಂದೆ ಇದಕ್ಕೆ ಚುಚ್ಚಿ ನೋಡಿದ್ದರು, ಕಣ್ಣು ಕೆಂಪೇರಿ ಉರಿಯುತ್ತಿತ್ತು. ಆಮೇಲೆ ಲೋಳೆಯನ್ನೇ ತೆಳುಮಾಡೋಣ ಅಂತ ಕುರಿಯಿಂದ ತೆಗೆದ ಹಯಲುರೊನಿಡೇಸ್ ಬಂತು. ಸಾವಿರಕ್ಕೂ ಹೆಚ್ಚು ರೋಗಿಗಳ ಮೇಲೆ ಪ್ರಯೋಗವಾದರೂ ಅಮೆರಿಕ ಈ ಕೆಲಸಕ್ಕೆ ಒಪ್ಪಿಗೆ ಕೊಡಲಿಲ್ಲ. ಚುಚ್ಚಿದ ಮದ್ದು ಬೇಗ ಹರಡಲಿ ಅಂತ ಬಳಸಲು 2004ರಲ್ಲಿ ಒಪ್ಪಿತು. ಪೊರೆ ಆಪರೇಷನ್ನಿಗೆ ಕಣ್ಣು ಮರಗಟ್ಟಿಸುವ ಇಂಜೆಕ್ಷನ್ನಿನಲ್ಲಿ ನಾವೂ ಅಂಥದ್ದನ್ನೇ ಬೆರೆಸುತ್ತಿದ್ದೆವು. ಹಾಗಾಗಿ ಅಜ್ಜಿಯಂಥವರಿಗೆ ಸ್ಕ್ಯಾನ್ ಮಾಡಿ, ರೆಟಿನಾ ಕಿತ್ತುಬಂದಿಲ್ಲ ಅಂತ ಖಚಿತ ಮಾಡಿಕೊಂಡು ಸ್ವಲ್ಪ ಕಾಯ್ತಾರೆ, ಬೇರೆ ಇಂಜೆಕ್ಷನ್ ಇಲ್ಲವೇ ಲೇಸರ್ ಕೊಡ್ತಾರೆ. ಹೋಗದಿದ್ದರೆ ಲೋಳೆಯನ್ನೇ ಕತ್ತರಿಸಿ ಹೀರಿ ತೆಗೀತಾರೆ. ಆ ಆಪರೇಷನ್ನಿಗೆ ದಾರಿ ಮಾಡಿದ್ದು 1970ರಲ್ಲಿ ಮಯಾಮಿಯ ರಾಬರ್ಟ್ ಮಾಖೆಮರ್.

ಅದಕ್ಕೇ ಡಾಕ್ಟರನ್ನು ಮೊದಲು ಕೇಳಬೇಕಾದ್ದು ರಕ್ತ ಎಲ್ಲಿದೆ, ರೆಟಿನಾದ ಮುಂದೋ ಕೆಳಗೋ ಅಂತ. ಮೆಡಿಕಲ್ ಶಾಪಿನಲ್ಲಿ ಸಿಗುವ ಎಂಜೈಮ್ ಮಾತ್ರೆ ನುಂಗಿಸೋಣ ಅಂತ ಯಾರಾದರೂ ಅಂದರೆ ಕೇಳಬೇಡಿ. ತಮ್ಮನವರು ಹೃದಯಕ್ಕೆ ತಗೊಳ್ಳುವ ಆಸ್ಪಿರಿನ್ನನ್ನೂ ನೀವಾಗೇ ನಿಲ್ಲಿಸಬೇಡಿ, ಹೃದಯದ ಡಾಕ್ಟರು ಹೇಳಲಿ.

ತಮ್ಮನವರ ಮಗಳು ದೆಹಲಿಯಲ್ಲಲ್ಲವೇ ಇರೋದು? ಮುಂದಿನ ವಾರ ವಿಮಾನದಲ್ಲಿ ಹೋಗುವ ಟಿಕೆಟ್ ಇದ್ದರೆ ಇವತ್ತೇ ರದ್ದು ಮಾಡಿಸಿ. ಕಣ್ಣಲ್ಲಿ ಗ್ಯಾಸ್ ಇರುವಾಗ ಮೇಲೆ ಹಾರಿದರೆ ಗುಳ್ಳೆ ಹಿಗ್ಗಿ ಕಣ್ಣಿನ ಒತ್ತಡ ಏರಿಬಿಡುತ್ತೆ. ಗ್ಯಾಸ್ ಪೂರ್ತಿ ಹೋಯಿತು ಅಂತ ಡಾಕ್ಟರು ನೋಡಿ ಹೇಳಿದ ಮೇಲೆ ಹೋಗಲಿ.