ಹತ್ತು ಮಿಲಿಮೀಟರಿನ ಹೆಚ್ಚುಗಾರಿಕೆ

ಗುಂಡಿ ಮುಚ್ಚಲು ಕೊಟ್ಟ ಗಡುವು ಮುಗಿದಿದೆ, ಆ ಗಡುವಿಗೆ ಕೊಟ್ಟ ವಾಯಿದೆಯೂ ಮುಗಿದಿದೆ. ಪಾಲಿಕೆ ಒಂದಿದ್ದದ್ದು ಐದಾಯಿತು. ಯಾವ ಪಾಲಿಕೆಗೆ ಸೇರಬೇಕೆಂಬ ಗೊಂದಲ ಸಿಬ್ಬಂದಿಗಿರಬಹುದು, ಗುಂಡಿಗಳಿಗಿಲ್ಲ. ಅವು ಎಲ್ಲ ಕಡೆಯೂ ಅಧಿಕಾರ ವಹಿಸಿಕೊಂಡಿವೆ. ಹೀಗಾಗಿ ಬೆಂಗಳೂರಿನ ಬೈಕ್ ಸವಾರರು ಯಾರನ್ನೂ ಕೇಳದೆ ತಾವೇ ಒಂದು ಪರಿಹಾರ ಕಂಡುಕೊಂಡಿದ್ದಾರೆ: ದಪ್ಪ ಟೈರು. ಶನಿವಾರ ನಸುಕಿಗೇ ಸಕಲೇಶಪುರದ ದಾರಿ ಹಿಡಿಯುವ ಬುಲೆಟ್ ಬಳಗದಲ್ಲಿ ಹಳೇ ಕ್ಲಾಸಿಕ್ 350ರ ಮುಂದಿನ ಚಕ್ರದಿಂದ ಕಂಪನಿ ಕೊಟ್ಟ 90/90-19 ಕಳಚಿ 100/90-19 ಹಾಕಿಸದವನು ಸವಾರನೇ ಅಲ್ಲ.

ಅಂಥದೊಂದು 100/90-19 ಜೆ.ಸಿ. ರಸ್ತೆಯ ಟೈರ್ ಅಂಗಡಿಯ ಮುಂದೆ ಸೈಡ್ ಸ್ಟ್ಯಾಂಡಿನಲ್ಲಿ ಮಾತಿಗೆ ಸಿಕ್ಕಿತು. ಹಾಕಿಸಿ ತಿಂಗಳಾಗಿದೆಯಂತೆ. ಯಜಮಾನರು ‘ಹ್ಯಾಂಡಲ್ ಯಾಕೋ ಭಾರ’ ಎಂದು ದೂರು ಹೇಳಲು ಅಂಗಡಿಯೊಳಗೆ ಹೋಗಿದ್ದರು.

ಅಭಿನಂದನೆಗಳು. ತಮ್ಮ ಪೀಠ ಹತ್ತು ಮಿಲಿಮೀಟರ್ ಬಡ್ತಿ ಪಡೆದಿದೆ. ಹೇಗನ್ನಿಸುತ್ತಿದೆ?

ಯಾರ್ ಕೇಳಿದ್ರು ಸಾರ್ ಬಡ್ತೀನ? ಯಜಮಾನ್ರಿಗೆ ಗೊತ್ತಿದ್ದದ್ದು ತೊಂಬತ್ತಕ್ಕಿಂತ ನೂರು ದೊಡ್ಡದು ಅನ್ನೋ ಲೆಕ್ಕ ಒಂದೇ. ಗೀಟಿನ ಈಚೆ ಇರೋ ಇನ್ನೊಂದು 90 ಏನು ಅಂತ ಕೇಳ್ಲೇ ಇಲ್ಲ. ಅದು ನನ್ನ ಗೋಡೆಯ ಎತ್ತರ, ಅಗಲದ ನೂರಕ್ಕೆ ತೊಂಬತ್ತು ಪಾಲು. ಅಗಲ ಆದ್ನಾ, ಎತ್ತರಾನೂ ಆದೆ. ಗೋಡೆ 81 ಮಿ.ಮೀ. ಇದ್ದದ್ದು 90 ಆಯ್ತು. ಮೇಲೆ ಕೆಳಗೆ ಸೇರಿಸಿದ್ರೆ ಚಕ್ರ 18 ಮಿ.ಮೀ. ಬೆಳೀತು, ಅಚ್ಚು 9 ಮಿ.ಮೀ. ಮೇಲೆ ಹೋಯ್ತು. ಗಾಡಿ ಮೂತಿ ಎತ್ಕೊಂಡು ನಿಂತಾಗ ಫೋರ್ಕು ಒಂಚೂರು ಹಿಂದಕ್ಕೆ ವಾಲುತ್ತೆ. ನೇರ ರಸ್ತೇಲಿ ಗಂಭೀರವಾಗಿ ಹೋಗುತ್ತೆ, ತಿರುವಲ್ಲಿ ಸೋಮಾರಿ ಆಗುತ್ತೆ. ಈಗ ಒಳಗೆ ಹೋಗಿ ಹ್ಯಾಂಡಲ್ ಭಾರ ಅಂತಿದಾರಲ್ಲ, ಅದು ರೋಗ ಅಲ್ಲ ಸಾರ್, ಅವರೇ ದುಡ್ಡು ಕೊಟ್ಟು ಕೊಂಡ ಮಾಲು.

ಎತ್ತರದ ಮಾತು ಬಂದದ್ದು ಒಳ್ಳೆಯದಾಯಿತು. 1934ರಲ್ಲಿ ಹುಟ್ಟಿದ ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಮಾನದಂಡದಂತೆ ರಸ್ತೆ ಉಬ್ಬಿನ ಎತ್ತರ 10 ಸೆಂ.ಮೀ., ಅಗಲ 3.7 ಮೀಟರ್. ನಮ್ಮ ಬಡಾವಣೆಯಲ್ಲಿ ಒಂದೂವರೆ ಅಡಿಯೊಳಗೇ ಎಲ್ಲ ಎತ್ತರವನ್ನೂ ಮುಗಿಸಿದ್ದಾರೆ. ಈ ಬಗ್ಗೆ ತಮ್ಮ ಅಭಿಪ್ರಾಯ?

ಅದಿರ್ಲಿ. ಆ ಹಿಂದಿನವನನ್ನ ನೋಡಿದ್ರಾ? ಹುಟ್ಟಾ ನನಗಿಂತ ದಪ್ಪ. ಚೈನು ಅವನಿಗೆ, ಇಂಜಿನ್ನಿನ ಸಹವಾಸ ಅವನಿಗೆ, ಹಿಂದೆ ಕೂತು ಫೋಟೋ ತೆಗೆಸ್ಕೊಳ್ಳೋದೂ ಅವನ ಜೊತೆ. ದಾರಿ ತೋರ್ಸೋನು ನಾನು. ಕೆಸರು, ಕಲ್ಲು, ನಾಯಿ ಎಲ್ಲಾ ಮೊದ್ಲು ನನಗೆ. ನಾನು ಹೋದ ಜಾಡಲ್ಲಿ ಬರೋನು ಹೀರೋ!

ದಪ್ಪ ಟೈರಿಗೆ ಹಿಡಿತ ಜಾಸ್ತಿ ಎನ್ನುತ್ತಾರಲ್ಲ?

ಹೇಳೋರಿಗೇನು. ನೆಲಕ್ಕೆ ನಾನು ಎಷ್ಟು ತಾಗ್ಬೇಕು ಅಂತ ಹೇಳೋದು ಮೇಲಿರೋ ಭಾರ, ಒಳಗಿರೋ ಗಾಳಿ. ಭಾರ ಅಷ್ಟೇ, ಗಾಳಿ ಅಷ್ಟೇ ಇದ್ರೆ ತಾಗೋ ಜಾಗಾನೂ ಹೆಚ್ಚುಕಮ್ಮಿ ಅಷ್ಟೇ. ಅಡ್ಡಕ್ಕೆ ಹಿಗ್ಗಿ ಉದ್ದಕ್ಕೆ ಕುಗ್ಗುತ್ತೆ, ಬೇರೇನಿಲ್ಲ. ಹಿಡಿತ ಇರೋದು ರಬ್ಬರಿನ ಗುಣದಲ್ಲಿ, ರಬ್ಬರಿನ ವಯಸ್ಸಲ್ಲಿ. ನನ್ನ ಪಕ್ಕೇಲಿ ನಾಲ್ಕು ಅಂಕಿ ಒತ್ತಿರ್ತಾರೆ. 3523 ಅಂದ್ರೆ 2023ನೇ ಇಸವಿಯ 35ನೇ ವಾರದಲ್ಲಿ ತಯಾರಾದೆ ಅಂತ. ಅದನ್ನ ಓದಿ ಟೈರ್ ಕೊಂಡವರನ್ನ ಎಷ್ಟು ಜನರನ್ನ ನೋಡಿದೀರಿ? ‘ಲುಕ್ ಹೆಂಗಿದೆ ಗುರು’ ಅಂತ ಕೇಳೋರ ಲೆಕ್ಕ ಮಾತ್ರ ಕೇಳ್ಬೇಡಿ.

ಇನ್ನು ರಿಮ್ಮು. ಟೈರ್ ಬದಲಾಯ್ಸಿದ್ರು, ರಿಮ್ಮು ಹಳೇದೇ. ಪ್ರತಿ ಅಳತೆ ಟೈರಿಗೂ ಇಂತಿಷ್ಟು ಅಗಲದ ರಿಮ್ಮು ಅಂತ ಟೈರ್ ಕಂಪನಿಯವರೇ ಪಟ್ಟಿ ಕೊಟ್ಟಿರ್ತಾರೆ. ಕಿರಿದಾದ ರಿಮ್ಮಲ್ಲಿ ನನ್ನ ಕೂರಿಸೋದು ಅಂದ್ರೆ ಹೊಟ್ಟೆ ಬಂದ ಅಣ್ಣನಿಗೆ ಕಾಲೇಜು ಓದೋ ತಮ್ಮನ ಬೆಲ್ಟು ಬಿಗಿದ ಹಾಗೆ. ಪಕ್ಕೆ ಒಳಕ್ಕೆ ಹೋಗುತ್ತೆ, ನೆತ್ತಿ ಉಬ್ಬುತ್ತೆ. ಅಗಲ ಆಗ್ಲಿ ಅಂತ ತಂದ ನಾನು ಚೂಪಾಗಿ ಕೂತಿರ್ತೀನಿ.

ಆದರೆ 2021ರ ಹೊಸ ಕ್ಲಾಸಿಕ್ಕಿಗೆ ಕಂಪನಿಯೇ 100/90-19 ಕೊಟ್ಟಿದೆಯಲ್ಲ?

ಕೊಟ್ಟಿದೆ, ಇಲ್ಲ ಅಂದ್ನಾ? ಜೊತೆಗೆ ಫ್ರೇಮು ಹೊಸದು, ಇಂಜಿನ್ನು ಹೊಸದು. ಫೋರ್ಕಿನ ಕೊಳವೆ 35 ಮಿ.ಮೀ. ಇದ್ದದ್ದು 41 ಆಯ್ತು. ಅವರು ಇಡೀ ಮನೆ ಕಟ್ಟಿಸಿ ಬಾಗಿಲು ದೊಡ್ಡದು ಮಾಡಿದ್ರು. ನಮ್ಮ ಯಜಮಾನ್ರು ಬಾಗಿಲೊಂದನ್ನೇ ತಂದ್ರು.

ಮನೆ ಎಂದಿರಿ. ಮನೆ ಮುಂದೆ ಉಬ್ಬು ಹಾಕಿಸಿಕೊಳ್ಳುವುದು ಈಗ ಅಂತಸ್ತಿನ ವಿಷಯವಾಗಿದೆ. ಕಾರ್ಪೊರೇಟರ್ ಮನೆಗೆ ಎರಡು, ಮಾಜಿಗೆ ಒಂದು...

ಮೀಟರಿನ ಕಥೆ ಕೇಳಿ ಸಾರ್, ಅದು ಮಜಾ ಇದೆ. ಈ ಹಳೇ ಕ್ಲಾಸಿಕ್ಕಿನಲ್ಲಿ ಮೀಟರಿನ ಕೇಬಲ್ಲು ಹೊರಡೋದು ನನ್ನ ಚಕ್ರದಿಂದ. ಚಕ್ರ ಬೆಳೀತಲ್ಲ, ಒಂದು ಸುತ್ತಿಗೆ ಮೊದಲಿಗಿಂತ ಸುಮಾರು 57 ಮಿ.ಮೀ. ಜಾಸ್ತಿ ಓಡ್ತೀನಿ. ಮೀಟರಿಗೆ ಅದು ಗೊತ್ತಿಲ್ಲ. ಮಂಗಳೂರಿಗೆ 350 ಕಿ.ಮೀ. ಅಂತಿಟ್ಕೊಳ್ಳಿ, ಅದು 340 ಅನ್ನುತ್ತೆ. ಅರವತ್ತರಲ್ಲಿದೀನಿ ಅಂದ್ಕೊಂಡೋರು ಅರವತ್ತೆರಡರ ಹತ್ರ ಇರ್ತಾರೆ. ಆಮೇಲೆ ಬಂಕಲ್ಲಿ ಲೆಕ್ಕ ಹಾಕಿ ‘ಮೈಲೇಜ್ ಬಿದ್ದೋಯ್ತು’ ಅಂತ ಶಾಪ ಹಾಕೋದು ನನಗೇ.

ಮಡ್‌ಗಾರ್ಡಿಗೂ ನನಗೂ ಮಧ್ಯೆ ಇದ್ದ ಜಾಗಾನೂ ಹೋಯ್ತು. ಟಾರಲ್ಲಿ ಪರವಾಗಿಲ್ಲ. ಮಲೆನಾಡಿನ ಕೆಂಪು ಮಣ್ಣಿನ ರಸ್ತೆಗೆ ಮಳೇಲಿ ಇಳಿಸಿ ನೋಡಿ. ಅಂಟು ಮಣ್ಣು ಅಲ್ಲಿ ಮೆತ್ಕೊಂಡು ಚಕ್ರಾನೇ ಹಿಡ್ಕೊಳ್ಳುತ್ತೆ. ಆಮೇಲೆ ಕಡ್ಡಿ ತಗೊಂಡು ಕೆರೀತಾ ಕೂತ್ಕೋಬೇಕು. ಜಿಗಣೆ ಬೇರೆ.

ಘಟ್ಟದ ಅನುಭವ? ಆಗುಂಬೆಯ ತಿರುವುಗಳು?

ತಿರುವಿನ ಸುಖ ಇರೋದು ಮುಂದಿನ ಚಕ್ರ ಚುರುಕಾಗಿದ್ರೆ. ಈಗ ಬಗ್ಸೋಕೆ ಮುಂಚೆ ನನಗೊಂದು ಅರ್ಜಿ ಹಾಕ್ಬೇಕು. ಅದೂ ಹೋಗ್ಲಿ, ನನ್ನ ನಿಜವಾದ ನೋವು ಕೇಳಿ. ಇಷ್ಟು ಖರ್ಚು ಮಾಡಿ ದಪ್ಪ ಮಾಡಿದ್ರಲ್ಲ, ನಮ್ಮ ಯಜಮಾನ್ರು ಮುಂದಿನ ಬ್ರೇಕ್ ಮುಟ್ಟಲ್ಲ!

ಮುಟ್ಟುವುದೇ ಇಲ್ಲವೇ?

ಸಿಗ್ನಲ್ಲಲ್ಲಿ ನಿಂತ್ಮೇಲೆ ಗಾಡಿ ಜಾರ್ದೇ ಇರ್ಲಿ ಅಂತ ಹಿಡ್ಕೋತಾರೆ. ಚಿಕ್ಕೋರಿದ್ದಾಗ ಅವರಪ್ಪ ಸೈಕಲ್ ಕಲಿಸ್ತಾ ‘ಮುಂದಿಂದು ಹಿಡೀಬೇಡ, ಮೂತಿ ಒಡ್ಕೋತೀಯ’ ಅಂದಿದ್ರಂತೆ. ಸೈಕಲ್ ಹೋಯ್ತು, ಬುಲೆಟ್ ಬಂತು, ಮದುವೆ ಆಯ್ತು, ಅಪ್ಪನ ಮಾತು ಹಂಗೇ ಉಳೀತು. ಬ್ರೇಕ್ ಹಾಕಿದ ತಕ್ಷಣ ಗಾಡಿಯ ಭಾರ ಎಲ್ಲಾ ಮುಂದಕ್ಕೆ ಬಂದು ನನ್ನ ಮೇಲೆ ಕೂರುತ್ತೆ. ಆಗ ಹಿಡಿಯೋ ಶಕ್ತಿ ಇರೋದು ನನಗೆ. ಹಿಂದಿನವನು ಆ ಹೊತ್ತಿಗೆ ಹಗುರ. ಅವನನ್ನ ಒತ್ತಿದ್ರೆ ಲಾಕ್ ಆಗಿ ಬಾಲ ಅಲ್ಲಾಡಿಸ್ತಾನೆ. ಅಗತ್ಯ ಬಿದ್ದಾಗ ಎರಡನ್ನೂ ಹಿಡೀಬೇಕು, ನನ್ನನ್ನ ಮೆತ್ತಗೆ ಶುರು ಮಾಡಿ ಗಟ್ಟಿಯಾಗಿ ಒತ್ತಬೇಕು. ಸರ್ಕಾರಕ್ಕೇ ನನ್ನ ಮೇಲೆ ನಂಬಿಕೆ ಇದೆ ಸಾರ್. 2019ರ ಏಪ್ರಿಲ್‌ನಿಂದ 125 ಸಿಸಿ ಮೇಲ್ಪಟ್ಟ ಹೊಸ ಗಾಡಿಗೆಲ್ಲಾ ಎಬಿಎಸ್ ಕಡ್ಡಾಯ ಮಾಡಿದ್ರು. ಒಂದೇ ಚಕ್ರಕ್ಕೆ ಕೊಡೋದಾದ್ರೆ ಯಾವ ಚಕ್ರಕ್ಕೆ ಕೊಡ್ತಾರೆ? ನನಗೆ! ಹಿಂದಿನವನಿಗಲ್ಲ.

ದಪ್ಪ ಮಾಡಿದ್ರು, ನಂಬ್ಲಿಲ್ಲ. ಇದು ಯಾವ ನ್ಯಾಯ?

ನಂಬಿಕೆಯ ಪ್ರಶ್ನೆಯೇ ಉಬ್ಬಿನದೂ. ಉಬ್ಬಿದೆ ಎಂದು 40 ಮೀಟರ್ ಮೊದಲೇ ಫಲಕ ಹಾಕಬೇಕು, ಮೇಲೆ ಎದ್ದು ಕಾಣುವಂತೆ ಬಣ್ಣ ಬಳಿಯಬೇಕು. ರಾಷ್ಟ್ರೀಯ ಹೆದ್ದಾರಿಗಳಲ್ಲಿ ಉಬ್ಬೇ ಇರಕೂಡದೆಂದು ಕೇಂದ್ರ ಸಾರಿಗೆ ಸಚಿವಾಲಯ ಹೇಳಿದೆ. ನಾನು ಕೇಳುತ್ತಿರುವುದು...

ನೀವು ಮೊದಲಿಂದ ಏನು ಕೇಳ್ತಿದೀರಿ ಅಂತ ಗೊತ್ತು ಸಾರ್. ಬೇಕಂತ್ಲೇ ತಪ್ಪಿಸ್ಕೋತಿದ್ದೆ. ಯಾಕಂದ್ರೆ ನನ್ನ ಕಥೇನೂ ನಿಮ್ಮ ಕಥೇನೂ ಸೇರೋ ಜಾಗ ಒಂದೇ. ರಾತ್ರಿ, ಮಳೆ, ದೀಪ ಇಲ್ಲದ ರಸ್ತೆ. ಬಣ್ಣ ಇಲ್ಲ, ಫಲಕ ಇಲ್ಲ. ಹತ್ತು ಹೆಜ್ಜೆ ದೂರದಲ್ಲಿ ಹಂಪ್ ಕಾಣುತ್ತೆ. ಸವಾರ ಹೆದರಿ ಹಿಂದಿನ ಬ್ರೇಕ್ ತುಳೀತಾನೆ. ಹಿಂದಿನವನು ಜಾರ್ತಾನೆ. ಅಡ್ಡ ತಿರುಗಿದ ಗಾಡಿ ಹಂಪ್ ಹತ್ತುತ್ತೆ. ಆಗ ನಾನು 90 ಇದ್ರೇನು, 100 ಇದ್ರೇನು?

ಆಮೇಲೆ?

ಆಮೇಲಿಂದು ನೀವೇ ಹೇಳಿ. ಪೇಪರಿನೋರು ನೀವು.

ಹೇಳುತ್ತೇನೆ. ಬೆಳಿಗ್ಗೆ ಪೊಲೀಸರು ಬರುತ್ತಾರೆ. ಎಫ್‌ಐಆರ್‌ನಲ್ಲಿ ‘ಅತಿವೇಗ ಮತ್ತು ಅಜಾಗರೂಕತೆಯ ಚಾಲನೆ’ ಎಂದು ಬರೆಯುತ್ತಾರೆ. ಸತ್ತವನೇ ಆರೋಪಿ, ಆರೋಪಿ ಸತ್ತಿದ್ದರಿಂದ ಪ್ರಕರಣ ಮುಕ್ತಾಯ. ಆ ಉಬ್ಬು ಹಾಕಿದವರು ಯಾರೆಂದು ಒಬ್ಬರೂ ಕೇಳುವುದಿಲ್ಲ. ಯಾವ ಎಂಜಿನಿಯರ್ ಅಳತೆ ತೆಗೆದ, ಯಾರು ಮಂಜೂರು ಮಾಡಿದರು, ಬಣ್ಣದ ದುಡ್ಡು ಯಾರ ಜೇಬಿಗೆ ಹೋಯಿತು, ಯಾವುದಕ್ಕೂ ಕಡತವಿಲ್ಲ. ಕಡತವಿಲ್ಲದ್ದಕ್ಕೆ ಹೊಣೆಗಾರನಿಲ್ಲ.

ಕಾನೂನನ್ನೂ ಓದಿಬಿಡೋಣ. 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯ 182ಎ ಕಲಂ: ಕಾನೂನು ಒಪ್ಪದ ಮಾರ್ಪಾಡನ್ನು ತನ್ನ ಗಾಡಿಗೆ ಮಾಡಿಸಿದ ಮಾಲೀಕನಿಗೆ ಆರು ತಿಂಗಳವರೆಗೆ ಜೈಲು, ಇಲ್ಲವೇ ಒಂದೊಂದು ಮಾರ್ಪಾಡಿಗೆ 5,000 ರೂಪಾಯಿ ದಂಡ, ಇಲ್ಲವೇ ಎರಡೂ. ಅದೇ ಕಾಯ್ದೆಯ 198ಎ: ರಸ್ತೆಯ ವಿನ್ಯಾಸ, ಕಾಮಗಾರಿ, ನಿರ್ವಹಣೆಯಲ್ಲಿ ಸುರಕ್ಷತೆಯ ಮಾನದಂಡ ಪಾಲಿಸದೆ ಜನರ ಸಾವಿಗೋ ಅಂಗವೈಕಲ್ಯಕ್ಕೋ ಕಾರಣರಾದ ಪ್ರಾಧಿಕಾರ, ಗುತ್ತಿಗೆದಾರರಿಗೆ ಹೆಚ್ಚೆಂದರೆ 1 ಲಕ್ಷ ರೂಪಾಯಿ ದಂಡ. ಅಲ್ಲಿ ಜೈಲಿನ ಮಾತಿಲ್ಲ. ಗಾಡಿಯ ಆಕಾರ ಕೆಡಿಸಿದವನನ್ನು ಒಳಗೆ ಹಾಕಬಹುದು, ರಸ್ತೆಯ ಆಕಾರ ಕೆಡಿಸಿ ಜೀವ ತೆಗೆದವನು ಚೆಕ್ ಬರೆದು ಮನೆಗೆ ಹೋಗಬಹುದು. ಆ ಚೆಕ್ಕನ್ನಾದರೂ ಬರೆಸಬೇಕೆಂಬ ಅವಸರ ನಮ್ಮಲ್ಲಿ ಯಾರಿಗೂ ಕಾಣುತ್ತಿಲ್ಲ. ಇದರಲ್ಲಿ ನಗುವಂಥದ್ದು ಏನೂ ಇಲ್ಲ.

(ಸ್ವಲ್ಪ ಹೊತ್ತಿನ ಮೇಲೆ) ಸಂದರ್ಶನ ಮುಂದುವರಿಸೋಣವೇ?

ಹೂಂ. ನೀರು ಕುಡೀರಿ ಸಾರ್.

ಇಷ್ಟೆಲ್ಲ ಕೇಳಿದ ಮೇಲೂ ದಪ್ಪ ಟೈರು ಹಾಕಿಸಲೇಬೇಕು ಎನ್ನುವವರಿಗೆ?

ರಿಮ್ಮಿನ ಅಗಲ ನನಗೆ ಒಪ್ಪುತ್ತಾ ಅಂತ ಪಟ್ಟಿ ನೋಡಿ. ಟ್ಯೂಬು ನನ್ನ ಅಳತೇದೇ ಹಾಕ್ಸಿ, ಹಳೇದನ್ನೇ ಹಿಗ್ಗಿಸ್ಬೇಡಿ. ಪಕ್ಕೇಲಿರೋ ಬಾಣ ಚಕ್ರ ಉರುಳೋ ದಿಕ್ಕಿಗೇ ಇರ್ಲಿ. ಬಂಕಲ್ಲಿ ಗಾಳಿ ಹುಡುಗ ಎರಡಕ್ಕೂ ಒಂದೇ ಸಮ ತುಂಬ್ತಾನೆ, ತಡೀರಿ. ಮುಂದಿನ ಚಕ್ರಕ್ಕೆ ಕಮ್ಮಿ ಗಾಳಿ ಅಂತ ಗಾಡಿ ಜೊತೆ ಬಂದ ಪುಸ್ತಕದಲ್ಲೇ ಇದೆ. ಇಷ್ಟೂ ಮಾಡೋ ತಾಳ್ಮೆ ಇದ್ರೆ, ಕಂಪನಿ ಹೇಳಿದ ಅಳತೇಲೇ ಒಳ್ಳೇ ರಬ್ಬರಿನ ಹೊಸ ಟೈರ್ ಹಾಕ್ಸಿ, ಖಾಲಿ ಮೈದಾನದಲ್ಲಿ ಎರಡು ಭಾನುವಾರ ಮುಂದಿನ ಬ್ರೇಕ್ ಅಭ್ಯಾಸ ಮಾಡಿ. ನನ್ನ ಹತ್ತು ಮಿಲಿಮೀಟರಿಗಿಂತ ಅದು ಮೇಲು. ನನ್ನ ವ್ಯಾಪಾರಕ್ಕೆ ನಾನೇ ಕಲ್ಲು ಹಾಕ್ಕೊಂಡೆ, ಅಂಗಡಿಯೋರಿಗೆ ಹೇಳ್ಬೇಡಿ.

ಅಷ್ಟರಲ್ಲಿ ಯಜಮಾನರು ಹೊರಬಂದರು. ಮುಖದಲ್ಲಿ ಸಮಾಧಾನವಿತ್ತು. ಹ್ಯಾಂಡಲ್ ಭಾರಕ್ಕೆ ಅಂಗಡಿಯವರು ಮದ್ದು ಹೇಳಿದ್ದರಂತೆ: ಹಿಂದಕ್ಕೂ ದಪ್ಪ ಟೈರು ಹಾಕಿಸಿದರೆ ಸಮ ಆಗುತ್ತದೆ. ‘ಮುಂದಿನ ತಿಂಗಳು ಸಂಬಳ ಬಂದ್ಮೇಲೆ’ ಎಂದು ಹೆಲ್ಮೆಟ್ ಏರಿಸಿದರು. ಅವರನ್ನೂ ಒಂದು ಮಾತು ಕೇಳದೆ ಬಿಡಲು ಮನಸ್ಸಾಗಲಿಲ್ಲ.

ನಿಮ್ಮ ಬಡಾವಣೆಯ ಉಬ್ಬುಗಳ ಬಗ್ಗೆ ಯಾರಿಗಾದರೂ ದೂರು ಕೊಟ್ಟಿದ್ದೀರಾ?

ಹಂಪಾ? ಅಯ್ಯೋ, ಅದಕ್ಕೇ ಅಲ್ವಾ ಸಾರ್ ದಪ್ಪ ಟೈರ್ ಹಾಕ್ಸಿದ್ದು!

ಗಾಡಿ ಹೊರಡುವ ಮುನ್ನ ಮುಂದಿನ ಟೈರು ಸಣ್ಣ ದನಿಯಲ್ಲಿ ಹೇಳಿತು: ‘ಬರ್ಕೊಳ್ಳಿ ಸಾರ್. ಇವರು ದೂರು ಕೊಡಲ್ಲ ಅಂತ ಗೊತ್ತಾದ್ರೆ ಮುಂದಿನ ವರ್ಷ ಹಂಪ್ ಎರಡಿಂಚು ಏರುತ್ತೆ. ಆಗ ಇವರು ಇದೇ ಅಂಗಡಿಗೆ ಬಂದು 110 ಕೇಳ್ತಾರೆ.’