ಗಿಗಾಹರ್ಟ್ಸ್ ಕಾಕಾ

ಮೇ ತಿಂಗಳಲ್ಲಿ ಕಲಬುರಗಿಯ ಜನರೆಲ್ಲ ತಲೆಗೆ ಟವೆಲ್ ಸುತ್ತಿಕೊಂಡು ನೆರಳು ಹುಡುಕುವಾಗ, ನಮ್ಮ ಗಿಗಾಹರ್ಟ್ಸ್ ಕಾಕಾ ಕೂಡಿಸುವ ಲೆಕ್ಕದಲ್ಲಿರುತ್ತಾರೆ. ಕೋಣೆ 36 ಡಿಗ್ರಿ, ಅದರ ಮೇಲೆ ಪ್ರೊಸೆಸರಿನದು 50. "ಎಂಬತ್ತಾರು ಆತು. ನೂರರ ತನಕಾ ಚಿಂತಿಲ್ಲ ಬಿಡ್ರಿ."

ಕಾಕಾ ಬ್ಯಾಂಕಿನವರು. ಓಣಿಯ ಹುಡುಗರು ಈ ಹೆಸರಿಟ್ಟಿದ್ದಕ್ಕೆ ಅವರಿಗೇನೂ ಬೇಸರವಿಲ್ಲ. ಬೇಸರ ಬರುವುದು, ಯಾರಾದರೂ ಪ್ರೊಸೆಸರ್ ಕೊಂಡು ಅದರ ಹೆಸರಿನ ಕೊನೆಯಲ್ಲಿ 'ಕೆ' ಇಲ್ಲದಿದ್ದರೆ. ಇಂಟೆಲ್‌ನಲ್ಲಿ ವೇಗ ಏರಿಸುವ ಗುಣಕದ ಬೀಗ ತೆಗೆದಿರುವುದು ಸಾಮಾನ್ಯವಾಗಿ ಆ ಅಕ್ಷರದವಕ್ಕೇ. ಕಾಕಾ ಕೂಡ ಮೊದಲು ಕೆ ಇಲ್ಲದ್ದನ್ನೇ ತಂದಿದ್ದರು. ಅದು ಈಗ ಭಾವಮೈದುನನ ಮನೆಯಲ್ಲಿ ಉಡುಗೊರೆಯಾಗಿ ಕೂತಿದೆ.

ಸದ್ಯಕ್ಕೆ ಅವರದು ಐ5-13600ಕೆ. ಕಂಪನಿ ಹೇಳುವ ಗರಿಷ್ಠ ವೇಗ 5.1 ಗಿಗಾಹರ್ಟ್ಸ್, ಕಾಕಾ ಓಡಿಸಿದ್ದು 5.4. ಅವಸರದ ಮನುಷ್ಯ ಅಲ್ಲ ಅನ್ನುವುದನ್ನು ಒಪ್ಪಬೇಕು. ಗುಣಕವನ್ನು ಒಂದೇ ಮೆಟ್ಟಿಲು, ಅಂದರೆ 100 ಮೆಗಾಹರ್ಟ್ಸ್ ಏರಿಸುವುದು, ಯಂತ್ರವನ್ನು ದಣಿಸಿ ನೋಡುವ ಪ್ರೈಮ್95 ಹಚ್ಚಿ ಗಂಟೆಗಟ್ಟಲೆ ಕಾಯುವುದು, ಯಂತ್ರ ಬಿದ್ದರೆ ಮಾತ್ರ ವೋಲ್ಟೇಜ್ ಚೂರು ಹೆಚ್ಚಿಸುವುದು, ಎಲ್ಲವನ್ನೂ ಹಳೇ ಲೆಡ್ಜರಿನಲ್ಲಿ ಬರೆದಿಡುವುದು. "ಆಟೋ ಅಂತ ಬಿಟ್ರ ಬೋರ್ಡು ಸಾವ್ಕಾರನ ಮಗನಂಗ ವೋಲ್ಟೇಜ್ ಸುರೀತದ" ಎನ್ನುತ್ತಾರೆ. ಮಾತು ಸುಳ್ಳಲ್ಲ.

ಲೆಡ್ಜರಿನ ಇನ್ನೊಂದು ಪುಟವನ್ನು ಮಾತ್ರ ಅವರು ತೋರಿಸುವುದಿಲ್ಲ. ಶಾಖ ಏರುವುದು ವೇಗಕ್ಕೆ ತಕ್ಕಂತೆ. ವೋಲ್ಟೇಜಿಗಾದರೆ ಅದರ ವರ್ಗಕ್ಕೆ ತಕ್ಕಂತೆ. 1.25 ಇದ್ದದ್ದನ್ನು 1.35ಕ್ಕೆ ಒಯ್ದಾಗ ವೇಗ ಸಿಕ್ಕಿದ್ದು ನೂರಕ್ಕೆ ಆರು, ಶಾಖ ಹೆಚ್ಚಿದ್ದು ಹತ್ತಿರಹತ್ತಿರ ಕಾಲು ಪಾಲು. ಬ್ಯಾಂಕಿನಲ್ಲಿ ಇಂಥ ಸಾಲದ ಅರ್ಜಿ ಬಂದರೆ ಕಾಕಾ ಮೇಜಿನಿಂದಲೇ ವಾಪಸ್ ಕಳಿಸುತ್ತಾರೆ.

ಆ ಕಾಲು ಪಾಲಿಗಾಗಿ ಬಂದದ್ದು ನಾಕ್ಟುವಾ ಎನ್‌ಎಚ್-ಡಿ15, ಫ್ಯಾನ್ ಸೇರಿ 1.3 ಕಿಲೋ ದಾಟುವ ಜೋಡಿ ಗೋಪುರದ ಕೂಲರ್. 360 ಮಿಲಿಮೀಟರಿನ ನೀರಿನ ಕೂಲರ್ ಅವರ ಕ್ಯಾಬಿನೆಟ್ಟಿನ ನೆತ್ತಿಗೆ ಹಿಡಿಸದು ಎಂದು ಅಳೆದು ತಿಳಿದುಕೊಂಡಿದ್ದರು. ಅಡ್ಡಗಲ ಅಳೆಯಲಿಲ್ಲ. ಕೂಲರ್ 165 ಮಿಲಿಮೀಟರ್, ಕ್ಯಾಬಿನೆಟ್ಟಿನಲ್ಲಿ ಜಾಗ 160. ಪಕ್ಕದ ಬಾಗಿಲು ಅಂದಿನಿಂದ ಮಂಚದ ಕೆಳಗಿದೆ. "ಗಾಳಿ ಆಡ್ಲಿ ಅಂತ ತಗದೀನ್ರಿ."

ಪ್ರೊಸೆಸರಿಗೂ ಕೂಲರಿಗೂ ನಡುವೆ ಪೇಸ್ಟು ಎಷ್ಟು ಹಾಕಬೇಕು ಎಂದರೆ ಲೋಕವೆಲ್ಲ ಬಟಾಣಿಕಾಳು ತೋರಿಸುತ್ತದೆ. ಕಾಕಾ ಎರಡು ತೊಗರಿಬೇಳೆ ಇಟ್ಟು ತೋರಿಸುತ್ತಾರೆ, ಜಿಲ್ಲೆಯ ಅಭಿಮಾನ. ಮದುವೆ ಮನೆಯಲ್ಲಿ ಹೊಸ ಕಂಪ್ಯೂಟರಿನ ಸುದ್ದಿ ಕೇಳಿದರೆ ಊಟದೆಲೆ ಮುಂದೆಯೇ ಪ್ರಶ್ನೆ: "ಕೂಲರ್ ತಳದ ಪ್ಲಾಸ್ಟಿಕ್ ತಗದೀರಿಲ್ಲೋ?"

ಇಷ್ಟು ವೇಗದ ಯಂತ್ರದಲ್ಲಿ ನಡೆಯುವ ಕೆಲಸವೇನೆಂದರೆ ಅದರ ವೇಗ ಅಳೆಯುವುದು. ಮಗಳು ಪ್ರಾಜೆಕ್ಟ್ ರಿಪೋರ್ಟ್ ಟೈಪ್ ಮಾಡಲು ಕೂತರೆ "ತಡೀವ್ವಾ, ಟೆಸ್ಟ್ ನಡದದ."

ಈ ಸಲ ಬೇಸಿಗೆಯಲ್ಲಿ ಕಾಕೂ ತಾಳ್ಮೆ ಬಿಟ್ಟರು. "ಕೋಣ್ಯಾಗ ಒಲಿ ಹೊತ್ತಿಸಿಟ್ಟಂಗಾಗೇದ. ಒಂದ್ ಅದು ಇರ್ಬೇಕು, ಇಲ್ಲಾ ನಾ ಇರ್ಬೇಕು." ಕಾಕಾ ತಕ್ಷಣ 5.1ಕ್ಕೆ ಇಳಿದರು. ಇಳಿದವರು ಅಲ್ಲಿಗೇ ನಿಲ್ಲಲಿಲ್ಲ. ಈಗ ಯಂತ್ರ ಬೀಳದಂತೆ ವೋಲ್ಟೇಜ್ ಎಷ್ಟು ಕಡಿಮೆ ಮಾಡಬಹುದೆಂದು ಒಂದೊಂದೇ ಮೆಟ್ಟಿಲು ಇಳಿಸುತ್ತಿದ್ದಾರೆ. ಪ್ರತಿ ಮೆಟ್ಟಿಲಿಗೂ ಗಂಟೆಗಟ್ಟಲೆ ಟೆಸ್ಟು. ಮಗಳು ರಿಪೋರ್ಟನ್ನು ಕಾಕೂ ಅವರ ಫೋನಿನಲ್ಲೇ ಮುಗಿಸಿ ಕಳಿಸಿದಳು.